ಪ್ರಶ್ನೋತ್ತರ: ವಿಷನ್ ಸೈನ್ಸ್ ಓದಿದರೆ ಆಪ್ಟೊಮೆಟ್ರಿಸ್ಟ್ ಆಗಬಹುದಾ?

ಪ್ರಶ್ನೆ: ಚೈತ್ರಾ, ಶಿವಮೊಗ್ಗ

ನಮಸ್ತೆ ಮೇಡಂ. ನಾನು ಸೆಕೆಂಡ್ ಪಿಯುಸಿ, ಪಿಸಿಎಂಬಿ. ಎಂಬಿಬಿಎಸ್ ಸೀಟು ಸಿಗುತ್ತೆ ಅನ್ನೋ ನಂಬಿಕೆ ಇಲ್ಲ, ನಿಜ ಹೇಳಬೇಕಂದ್ರೆ ಅದರ ಮೇಲೆ ಅಷ್ಟು ಆಸೆಯೂ ಇಲ್ಲ. ನನ್ನ ತಮ್ಮನಿಗೆ ಚಿಕ್ಕವನಿದ್ದಾಗ ಒಂದು ಕಣ್ಣು ಮಂದ ಇತ್ತು. ಚೆನ್ನಾಗಿರೋ ಕಣ್ಣಿಗೆ ಪಟ್ಟಿ ಹಾಕಿಸಿ ಅದನ್ನು ಸರಿ ಮಾಡಿದ್ದು ಒಬ್ಬ ಆಪ್ಟೊಮೆಟ್ರಿಸ್ಟ್. ಆವತ್ತಿಂದ ನನಗೂ ಅದೇ ಕೆಲಸ ಮಾಡಬೇಕು ಅಂತ ಇದೆ. ಬ್ರಿಸ್ಬೇನ್‌ನಲ್ಲಿರುವ ಚಿಕ್ಕಪ್ಪ ಅಲ್ಲಿ ವಿಷನ್ ಸೈನ್ಸ್ ಅಂತ ಪದವಿ ಇದೆ, ಬಾ ಅಂತಾರೆ. ಇಲ್ಲಿ ಬಿ.ಆಪ್ಟೊಮ್, ಅಂದರೆ ಆಪ್ಟೊಮೆಟ್ರಿ ಪದವಿ ಇದೆ. ಎರಡೂ ಒಂದೇನಾ? ಅಪ್ಪ ಮಾತ್ರ "ಕನ್ನಡಕದ ಅಂಗಡಿಯಲ್ಲಿ ಕೂರೋಕೆ ನಾಲ್ಕು ವರ್ಷ ಯಾಕೆ" ಅಂತಿದ್ದಾರೆ. ಮತ್ತೆ, ನನಗೆ ಮ್ಯಾಥ್ಸ್ ಸ್ವಲ್ಪ ಕಷ್ಟ.

ಉತ್ತರ: ಸವಿತಾ, ಆಪ್ಟೊಮೆಟ್ರಿಸ್ಟ್, ಮೈಸೂರು

ಚೈತ್ರಾ, ಒಂದೇ ಅಲ್ಲ. ಇದನ್ನು ಮೊದಲೇ ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ಹೆಸರು ನೋಡಿ ಸೇರಿಬಿಟ್ಟರೆ ಆಮೇಲೆ ತುಂಬಾ ಕಷ್ಟ.

ವಿಷನ್ ಸೈನ್ಸ್ ಅಂದರೆ ನೋಟದ ವಿಜ್ಞಾನ. ಬೆಳಕು ಕಣ್ಣಿನೊಳಗೆ ಹೇಗೆ ಬಾಗುತ್ತದೆ, ಕಣ್ಣಿನ ಹಿಂಬದಿಯ ಪರದೆ ರೆಟಿನಾ ಅದನ್ನು ಹೇಗೆ ಹಿಡಿಯುತ್ತದೆ, ಮೆದುಳು ಅದನ್ನು ಹೇಗೆ ಓದುತ್ತದೆ, ಇಷ್ಟೂ ಅದರಲ್ಲಿ ಬರುತ್ತದೆ. ಆಪ್ಟೊಮೆಟ್ರಿ ಅಂದರೆ ಆ ತಿಳಿವಳಿಕೆ ಇಟ್ಟುಕೊಂಡು ಎದುರಿಗೆ ಕೂತ ಮನುಷ್ಯನ ಕಣ್ಣು ನೋಡುವ ವೃತ್ತಿ. ಬ್ರಿಸ್ಬೇನ್‌ನ ಕ್ಯೂಯುಟಿ ವಿಶ್ವವಿದ್ಯಾಲಯದಲ್ಲಿ ವಿಷನ್ ಸೈನ್ಸ್ ಪದವಿ 3 ವರ್ಷ, ಅದರ ಮೇಲೆ ಮಾಸ್ಟರ್ ಆಫ್ ಆಪ್ಟೊಮೆಟ್ರಿ 2 ವರ್ಷ. ಎರಡೂ ಮುಗಿದ ಮೇಲೆಯೇ ಅಲ್ಲಿನ ಆಪ್ಟೊಮೆಟ್ರಿ ಬೋರ್ಡ್‌ನಲ್ಲಿ ಹೆಸರು ನೋಂದಾಯಿಸಬಹುದು. ಬರೀ ವಿಷನ್ ಸೈನ್ಸ್ ಮುಗಿಸಿ ನಿಲ್ಲಿಸಿದರೆ ಲ್ಯಾಬ್, ಸಂಶೋಧನೆ, ಲೆನ್ಸ್ ಕಂಪನಿ ಕಡೆ ಹೋಗಬಹುದು, ರೋಗಿಯ ಕಣ್ಣು ಪರೀಕ್ಷೆ ಮಾಡುವ ಹಕ್ಕು ಸಿಗುವುದಿಲ್ಲ. ಸಿಡ್ನಿಯ ಯುಎನ್‌ಎಸ್‌ಡಬ್ಲ್ಯು ವಿಶ್ವವಿದ್ಯಾಲಯದಲ್ಲೂ ಹೀಗೇ ಎರಡೂ ಸೇರಿ 5 ವರ್ಷ. ಡೀಕಿನ್ ವಿಶ್ವವಿದ್ಯಾಲಯದಲ್ಲಿ ರಜೆ ಕಡಿಮೆ ಮಾಡಿ ಅದನ್ನೇ ಮೂರೂವರೆ ವರ್ಷದಲ್ಲಿ ಓಡಿಸುತ್ತಾರೆ. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಮೊದಲು ಯಾವುದಾದರೂ ಸರಿಯಾದ ಪದವಿ, ಆಮೇಲೆ 4 ವರ್ಷದ ಡಾಕ್ಟರ್ ಆಫ್ ಆಪ್ಟೊಮೆಟ್ರಿ. ಹಾಗಾಗಿ ಚಿಕ್ಕಪ್ಪನ ಹತ್ತಿರ ಒಂದೇ ಪ್ರಶ್ನೆ ಕೇಳಿ: ಸೀಟು ಬರೀ ಮೊದಲ ಪದವಿಗೋ, ಮಾಸ್ಟರ್ ಕೂಡ ಸೇರಿದೆಯೋ?

ನಮ್ಮಲ್ಲಿ ದಾರಿ ನೇರ. ಪಿಯುಸಿ ಆದ ಮೇಲೆ ಬಿ.ಆಪ್ಟೊಮ್, ಸಾಮಾನ್ಯವಾಗಿ 3 ವರ್ಷ ಪಾಠ, 1 ವರ್ಷ ಇಂಟರ್ನ್‌ಶಿಪ್. ಆಸ್ಟ್ರೇಲಿಯಾದವರು ವಿಷನ್ ಸೈನ್ಸ್ ಅಂತ ಕಲಿಸುವುದರಲ್ಲಿ ಬಹಳಷ್ಟು ಇಲ್ಲಿ ಮೊದಲ ಎರಡು ವರ್ಷದಲ್ಲೇ ಬರುತ್ತದೆ, ಬೇರೆ ಬೇರೆ ವಿಷಯಗಳ ಹೆಸರಲ್ಲಿ. ಚೆನ್ನೈನ ಎಲೀಟ್ ಸ್ಕೂಲ್ 1985ರಲ್ಲೇ ಈ ಥರದ ನಾಲ್ಕು ವರ್ಷದ ಕೋರ್ಸ್ ಶುರು ಮಾಡಿತು. ಈಗ ನಮ್ಮಲ್ಲೂ ಮಣಿಪಾಲದಲ್ಲಿ, ಬೆಂಗಳೂರಿನ ಕಣ್ಣಾಸ್ಪತ್ರೆಗಳ ಕಾಲೇಜುಗಳಲ್ಲಿ ಇದೆ.

ನಿಮ್ಮ ತಮ್ಮನ ವಿಷಯ ಬರೆದಿದ್ದೀರಲ್ಲ, ವಿಷನ್ ಸೈನ್ಸ್ ಯಾಕೆ ಬೇಕು ಅನ್ನೋದಕ್ಕೆ ಅದೇ ಉತ್ತರ. ಅವನ ಕಣ್ಣು ಹೊರಗಿನಿಂದ ನೋಡಿದರೆ ಚೆನ್ನಾಗೇ ಇದ್ದಿರಬೇಕು, ಅಲ್ವಾ? ತೊಂದರೆ ಇದ್ದದ್ದು ಮೆದುಳಿನ ಕಡೆ. ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಅಂತ ಇಬ್ಬರು ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟು ನೋಡಿದರು. ಆಮೇಲೆ ಆ ಕಣ್ಣು ತೆರೆದರೂ ಮೆದುಳಿನ ಕೋಶಗಳು ಅದರ ಮಾತು ಕೇಳುತ್ತಿರಲಿಲ್ಲ. ದೊಡ್ಡ ಬೆಕ್ಕುಗಳಲ್ಲಿ ಹಾಗಾಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಮಂದ ಕಣ್ಣಿನ ಮಗುವನ್ನು ಬೇಗ ಕರೆತನ್ನಿ, ಎಂಟು ಹತ್ತು ವರ್ಷ ಆಗುವವರೆಗೆ ಕಾಯಬೇಡಿ ಅಂತ ನಾವು ತಂದೆತಾಯಿಗೆ ಹೇಳುವುದರ ಹಿಂದೆ ಈ ಕೆಲಸ ಇದೆ. ಅದನ್ನು ಓದಿದವಳಿಗೆ ಪಟ್ಟಿ ಎಷ್ಟು ಗಂಟೆ, ಎಷ್ಟು ತಿಂಗಳು, ಯಾವಾಗ ನಿಲ್ಲಿಸಬೇಕು ಅಂತ ಯೋಚಿಸಲು ಬರುತ್ತದೆ.

ಮ್ಯಾಥ್ಸ್ ಬಗ್ಗೆ ಹೆದರಬೇಡಿ. ಕ್ಯಾಲ್ಕುಲಸ್ ಬೇಕಿಲ್ಲ. ಭಾಗಾಕಾರ, ಪ್ಲಸ್ ಮೈನಸ್ ಚಿಹ್ನೆ, ಸ್ವಲ್ಪ ಕೋನ, ಇಷ್ಟು ಗಟ್ಟಿ ಇರಬೇಕು. ಒಬ್ಬರಿಗೆ ಮೈನಸ್ 2 ಪವರ್ ಇದೆ ಅಂದರೆ ಕನ್ನಡಕ ಇಲ್ಲದೆ ಅವರಿಗೆ ಸ್ಪಷ್ಟವಾಗಿ ಕಾಣುವ ಅತಿ ದೂರ 1 ಮೀಟರನ್ನು 2ರಿಂದ ಭಾಗಿಸಿದಷ್ಟು, ಅಂದರೆ 50 ಸೆಂಟಿಮೀಟರ್. ಮೈನಸ್ 6 ಇರುವವರ ಲೆನ್ಸಿನ ಮಧ್ಯ 5 ಮಿಲಿಮೀಟರ್ ಆಚೆ ಹೋಗಿ ಕೂತರೆ 3 ಪ್ರಿಸಂ, ಅಂದರೆ ಬೆಳಕನ್ನು ಒಂದು ಕಡೆಗೆ ಎಳೆಯುವ ಶಕ್ತಿ ಬಂದುಬಿಡುತ್ತದೆ, ಪಾಪ ಅವರು ಹೊಸ ಕನ್ನಡಕ ಹಾಕಿಕೊಂಡು ತಲೆನೋವು ಅಂತ ಓಡಾಡುತ್ತಾರೆ. ನಮ್ಮ ದಿನದ ಲೆಕ್ಕ ಇಷ್ಟೇ. ಆದರೆ ಫಿಸಿಕ್ಸ್‌ನ ರೇ ಆಪ್ಟಿಕ್ಸ್ ಪಾಠವನ್ನು ಮಾತ್ರ ಈಗಲೇ ಚೆನ್ನಾಗಿ ಓದಿಕೊಳ್ಳಿ.

ರಮೇಶ್, ಹಾವೇರಿ

ಮೇಡಂ, ನಮ್ಮದು ಆಪ್ಟಿಕಲ್ಸ್ ಅಂಗಡಿ. ನಮ್ಮಲ್ಲಿ ಡಿಪ್ಲೊಮಾ ಮಾಡಿದ ಹುಡುಗ ಇದ್ದಾನೆ, ಕಂಪ್ಯೂಟರ್ ಮಷೀನಿನಲ್ಲಿ ಅರ್ಧ ನಿಮಿಷಕ್ಕೆ ನಂಬರ್ ಬರುತ್ತೆ. ಚೈತ್ರಾಳ ಅಪ್ಪ ಹೇಳೋದ್ರಲ್ಲೂ ಅರ್ಥ ಇದೆ ಅನ್ಸುತ್ತೆ. ನಾಲ್ಕು ವರ್ಷದಲ್ಲಿ ಅಂಥದ್ದೇನು ಹೆಚ್ಚಿಗೆ ಕಲಿಸ್ತಾರೆ?

ಉತ್ತರ: ಸವಿತಾ

ರಮೇಶಣ್ಣ, ನಿಮ್ಮ ಹುಡುಗನ ಕೆಲಸಕ್ಕೆ ನನಗೆ ಗೌರವ ಇದೆ. ಹಳ್ಳಿ ಕಡೆ ಸರ್ಕಾರಿ ಆಸ್ಪತ್ರೆಗಳಲ್ಲಿ ನೇತ್ರಾಧಿಕಾರಿಗಳು ಇಲ್ಲದಿದ್ದರೆ ಎಷ್ಟೋ ಜನರ ಪೊರೆ ಪತ್ತೆಯೇ ಆಗುತ್ತಿರಲಿಲ್ಲ. ಆದರೆ ಮಷೀನಿನ ನಂಬರ್ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಮಗು ಮಷೀನಿನೊಳಗೆ ನೋಡುವಾಗ ಹತ್ತಿರದ ವಸ್ತು ನೋಡಿದ ಹಾಗೆ ಕಣ್ಣನ್ನು ಬಿಗಿ ಮಾಡುತ್ತದೆ. ಆಗ ಇಲ್ಲದ ಮೈನಸ್ ಬರುತ್ತದೆ, ಇರುವ ಮೈನಸ್ ಜಾಸ್ತಿ ತೋರಿಸುತ್ತದೆ. ಅದಕ್ಕೇ ಮಕ್ಕಳಿಗೆ ಆ ಬಿಗಿ ಸಡಿಲಿಸುವ ಡ್ರಾಪ್ಸ್ ಹಾಕಿ, ರೆಟಿನೊಸ್ಕೋಪ್ ಹಿಡಿದು ನೋಡುವುದು. ಅದು ಒಂದು ಬೆಳಕಿನ ಗೆರೆ ಬಿಡುವ ಉಪಕರಣ. ಆ ಗೆರೆಯನ್ನು ಕಣ್ಣಿನ ಮೇಲೆ ಆಡಿಸಿದರೆ ಒಳಗಿನ ಹೊಳಪು ಕೂಡ ಆಡುತ್ತದೆ, ನಮ್ಮ ಜೊತೆಗೆ ಆಡಿದರೆ ಒಂದು ಥರ, ಎದುರು ಆಡಿದರೆ ಇನ್ನೊಂದು ಥರ, ಲೆನ್ಸ್ ಬದಲಿಸುತ್ತಾ ಆಟ ನಿಲ್ಲುವ ಜಾಗ ಹುಡುಕಬೇಕು. ಸುಮಾರು 67 ಸೆಂಟಿಮೀಟರ್ ದೂರದಲ್ಲಿ ಕೂತಿರುತ್ತೇವೆ, ಅದಕ್ಕೆ ಒಂದೂವರೆ ಪವರ್ ಕಳೆಯಬೇಕು. ಹದಿನೈದು ಹದಿನಾರರ ಹುಡುಗ ವರ್ಷಕ್ಕೆ ಎರಡು ಸಲ ಕನ್ನಡಕ ಬದಲಿಸುತ್ತಾ ಬಂದರೆ, ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್) ಏರುತ್ತಲೇ ಇದ್ದರೆ, ಆ ಹೊಳಪು ಕತ್ತರಿ ಬಾಯಿ ತೆರೆದು ಮುಚ್ಚಿದ ಹಾಗೆ ಕಾಣಬಹುದು. ಆಗ ಕೆರಟೊಕೋನಸ್, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ ತೆಳುವಾಗಿ ಶಂಕುವಿನ ಹಾಗೆ ಉಬ್ಬುವ ಕಾಯಿಲೆಯ ಅನುಮಾನ ಬರಬೇಕು, ತಕ್ಷಣ ಡಾಕ್ಟರ್ ಹತ್ತಿರ ಕಳಿಸಬೇಕು. ಮಷೀನಿನ ಚೀಟಿಯಲ್ಲಿ ಅದು ಸುಮ್ನೆ ದೊಡ್ಡ ಸಿಲಿಂಡರ್ ನಂಬರ್ ಆಗಿ ಬರುತ್ತದೆ, ಕನ್ನಡಕ ಮಾಡಿ ಕೊಟ್ಟುಬಿಡುತ್ತಾರೆ.

ಕಣ್ಣಿನ ನರ ಹಾಳಾಗುವ ಗ್ಲಾಕೋಮಾದಲ್ಲಿ ಹೆಚ್ಚಾಗಿ ನೋವಿಲ್ಲದೆ ಸುತ್ತಲಿನ ನೋಟ ಹೋಗುತ್ತದೆ, ಶುಗರ್ ಇರುವವರ ರೆಟಿನಾದಲ್ಲಿ ರಕ್ತ ಜಿನುಗುತ್ತಿದ್ದರೂ ಚಾರ್ಟಿನಲ್ಲಿ 6/6, ಅಂದರೆ ಒಳ್ಳೆಯ ನೋಟ ಇರುವವರು ಓದುವ ಸಾಲನ್ನೇ ಓದಬಹುದು. ಓದುವ ಕನ್ನಡಕಕ್ಕೆ ಅಂತ ಬಂದ ನಲವತ್ತೈದರ ಮನುಷ್ಯನಲ್ಲಿ ಇದನ್ನು ಹಿಡಿಯಬೇಕು. ನಾಲ್ಕು ವರ್ಷ ಅದಕ್ಕೆ. 2021ರಲ್ಲಿ ಬಂದ ಕೇಂದ್ರದ ಕಾನೂನು ಕೂಡ ಹೆಲ್ತ್‌ಕೇರ್ ಪ್ರೊಫೆಷನಲ್ ಎನ್ನಲು ಕನಿಷ್ಠ 3,600 ಗಂಟೆಗಳ ಪದವಿ ಬೇಕು ಎನ್ನುತ್ತದೆ.

ಚೈತ್ರಾ

ತುಂಬಾ ಥ್ಯಾಂಕ್ಸ್ ಮೇಡಂ, ಅಪ್ಪನಿಗೂ ಓದಿಸಿದೆ, ಸ್ವಲ್ಪ ಮೆತ್ತಗಾಗಿದ್ದಾರೆ. ಎರಡು ಕೊನೆಯ ಪ್ರಶ್ನೆ. ಕಾಲೇಜು ಹೇಗೆ ಆರಿಸಲಿ? ಇಲ್ಲಿ ಓದಿ ಆಮೇಲೆ ಬ್ರಿಸ್ಬೇನ್‌ಗೆ ಹೋಗಬಹುದಾ?

ಉತ್ತರ: ಸವಿತಾ

ಕಟ್ಟಡ, ಜಾಹೀರಾತು ನೋಡಬೇಡಿ. ಕಾಲೇಜಿಗೆ ಸ್ವಂತ ಕಣ್ಣಾಸ್ಪತ್ರೆ ಇದೆಯಾ ನೋಡಿ, ಬೆಳಿಗ್ಗೆ ಹೋಗಿ ಓಪಿಡಿಯಲ್ಲಿ ಸುಮ್ನೆ ಅರ್ಧ ಗಂಟೆ ಕೂತುಕೊಳ್ಳಿ. ರೋಗಿಗಳು ಬರುತ್ತಿದ್ದಾರಾ, ಲೆನ್ಸ್ ಬದಲಿಸಿ ನೋಡುವ ಟ್ರಯಲ್ ಫ್ರೇಮ್ ಹಿಡಿದಿರುವುದು ವಿದ್ಯಾರ್ಥಿಗಳಾ, ಪಕ್ಕದಲ್ಲಿ ತಿದ್ದುವವರು ಇದ್ದಾರಾ? ಮೂರನೇ ವರ್ಷದ ಹುಡುಗಿಯರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ, ವಾರಕ್ಕೆ ಎಷ್ಟು ಜನರ ರಿಫ್ರಾಕ್ಷನ್ (ಕನ್ನಡಕದ ಪವರ್ ಪರೀಕ್ಷೆ) ನೀವೇ ಮಾಡುತ್ತೀರಿ, ಮಕ್ಕಳ ವಿಭಾಗ, ಕಾಂಟ್ಯಾಕ್ಟ್ ಲೆನ್ಸ್, ಲೋ ವಿಷನ್ (ಕನ್ನಡಕದಿಂದಲೂ ಸರಿಹೋಗದ ಮಂದ ನೋಟ) ಮೂರೂ ಕಡೆ ಪೋಸ್ಟಿಂಗ್ ಹಾಕುತ್ತಾರಾ ಅಂತ ಕೇಳಿ. ಇಂಟರ್ನ್‌ಶಿಪ್‌ನ ವರ್ಷ ಕನ್ನಡಕದ ಅಂಗಡಿಯಲ್ಲೇ ಕಳೆಸುವ ಕಾಲೇಜು ಬೇಡ. ರೆಟಿನೊಸ್ಕೋಪ್ ಪುಸ್ತಕದಿಂದ ಬರುವುದಿಲ್ಲ, ಕಣ್ಣುಗಳಿಂದಲೇ ಬರಬೇಕು, ಸಾವಿರಗಟ್ಟಲೆ ಕಣ್ಣುಗಳಿಂದ.

ಬ್ರಿಸ್ಬೇನ್ ವಿಷಯಕ್ಕೆ ಬಂದರೆ, ಇಲ್ಲಿನ ಪದವಿ ಹಿಡಿದು ನೇರವಾಗಿ ಅಲ್ಲಿ ಕೆಲಸ ಮಾಡಲು ಬಿಡುವುದಿಲ್ಲ. ಆಸ್ಟ್ರೇಲಿಯಾ ನ್ಯೂಜಿಲೆಂಡ್‌ಗೆ ಸೇರಿ ಒಂದು ಆಪ್ಟೊಮೆಟ್ರಿ ಕೌನ್ಸಿಲ್ ಇದೆ, ಹೊರಗಿನವರಿಗೆ ಅದು ಪರೀಕ್ಷೆ ಇಡುತ್ತದೆ. ಅಲ್ಲಿನ ಆಪ್ಟೊಮೆಟ್ರಿಸ್ಟ್‌ಗಳು ಕೆಲವು ಕಣ್ಣಿನ ಔಷಧಿಗಳನ್ನೂ ಬರೆದುಕೊಡುತ್ತಾರೆ, ಹಾಗಾಗಿ ಔಷಧಶಾಸ್ತ್ರ ಜಾಸ್ತಿ ಓದಬೇಕಾಗುತ್ತದೆ. ಅಲ್ಲೇ ನೆಲೆಸುವ ಆಸೆ ಗಟ್ಟಿಯಾಗಿದ್ದು ಮನೆಯವರಿಗೆ ಅಷ್ಟು ಖರ್ಚು ಮಾಡುವ ಶಕ್ತಿ ಇದ್ದರೆ ಮೊದಲಿಂದಲೇ ಅಲ್ಲಿ ಐದು ವರ್ಷ ಓದಿ. ಆ ಆಸೆ ಇನ್ನೂ ಅರ್ಧಂಬರ್ಧ ಇದ್ದರೆ ಇಲ್ಲೇ ಬಿ.ಆಪ್ಟೊಮ್ ಮಾಡಿ, ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿಯಿರಿ, ಆಮೇಲೆ ಮಾಸ್ಟರ್ ಅಥವಾ ಪಿಎಚ್‌ಡಿಗೆ ಹೋಗಿ. ನಾನಾದರೆ ನನ್ನ ಮಗಳಿಗೆ ಎರಡನೆಯದನ್ನೇ ಹೇಳುತ್ತೇನೆ. ಮೈಸೂರಿಗೆ ಬಂದರೆ ತಿಳಿಸಿ, ನಮ್ಮ ಮಕ್ಕಳ ವಿಭಾಗದಲ್ಲಿ ಒಂದು ಬೆಳಿಗ್ಗೆ ಕೂತು ನೋಡಲು ಕೇಳಿ ಅನುಮತಿ ಕೊಡಿಸುತ್ತೇನೆ. ಅಪ್ಪನನ್ನೂ ಕರೆದುಕೊಂಡು ಬನ್ನಿ.