ಅಪ್‌ಡೇಟ್: ತೇಗದೆ ಅಳುತ್ತಿದ್ದ ನನ್ನ ಮಗಳು ಈಗ ಹೇಗಿದ್ದಾಳೆ

ಮೂರು ವಾರದ ಮಗಳು ಎದೆಹಾಲು ಕುಡಿದ ಕೂಡಲೇ ಕಾಲು ಮಡಚಿ ಅಳುತ್ತಾಳೆ, ಎಷ್ಟು ತಟ್ಟಿದರೂ ತೇಗುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ತೊಂದರೆ ಇದ್ದದ್ದು ಹಾಲು ಕುಡಿಯುವ ರೀತಿಯಲ್ಲಿ. ಬರೀ ತೊಟ್ಟು ಚೀಪುತ್ತಿದ್ದಳು, ಜೊತೆಗೆ ಗಾಳಿಯನ್ನೂ ನುಂಗುತ್ತಿದ್ದಳು. ನರ್ಸ್ ಒಬ್ಬರು ಪಕ್ಕದಲ್ಲೇ ಕೂತು ತೋರಿಸಿಕೊಟ್ಟರು. ಮಗು ಬಾಯಿ ದೊಡ್ಡದಾಗಿ ತೆರೆಯುವ ತನಕ ಕಾಯಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು. ಎರಡೇ ದಿನದಲ್ಲಿ ನನ್ನ ನೋವೂ ಕಡಿಮೆಯಾಯಿತು.

ಈಗ ಒಂದು ಕಡೆ ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರುತ್ತೇನೆ. ಐದು ನಿಮಿಷದಲ್ಲಿ ತೇಗದಿದ್ದರೆ ಬಿಟ್ಟುಬಿಡುತ್ತೇನೆ. ಎದೆಹಾಲು ಕುಡಿಯುವ ಮಕ್ಕಳು ಪ್ರತಿ ಸಲ ತೇಗಲೇಬೇಕು ಅಂತೇನಿಲ್ಲ. ಇದು ಗೊತ್ತಿಲ್ಲದೆ ಅರ್ಧ ರಾತ್ರಿ ಸುಮ್ನೆ ತಟ್ಟುತ್ತಾ ಕೂತಿರುತ್ತಿದ್ದೆ.

ಬಜೆ, ಗ್ರೈಪ್ ವಾಟರ್ ಎರಡೂ ಕೊಡಲಿಲ್ಲ. 6 ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಅಂದರು ಡಾಕ್ಟರು. ಅತ್ತೆಗೆ ಮೊದಲು ಬೇಸರವಾಯಿತು. ಈಗ ಸಂಜೆ ಅಳುವಾಗ ಅವರೇ ಎತ್ತಿಕೊಂಡು ಜೋಗುಳ ಹಾಡುತ್ತಾರೆ, ನಾನು ಊಟ ಮಾಡುತ್ತೇನೆ.

ಸಂಜೆಯ ಅಳು ಇನ್ನೂ ಇದೆ. ಸುಮಾರು 6 ವಾರಕ್ಕೆ ಜಾಸ್ತಿಯಾಗಿ, 3–4 ತಿಂಗಳಿಗೆ ಇಳಿಯುತ್ತದಂತೆ. ದಿನಕ್ಕೆ 6–7 ಸಲ ಉಚ್ಚೆ ಮಾಡುತ್ತಾಳೆ, ತೂಕವೂ ಏರುತ್ತಿದೆ.