ಅಳಿವೆಯಲ್ಲಿ ಕಂಡ ಬೂದುಗಂದು ಹಕ್ಕಿ ಯಾವುದು? ಹಾಸನದಿಂದ ನಮ್ಮ ಅನುಭವ

ಚಿಕ್ಕಮಗಳೂರಿನಿಂದ ಚಾರ್ಮಾಡಿ ಇಳಿದು, ಜನವರಿಯಲ್ಲಿ ಮಂಗಳೂರಿನ ಬೆಂಗ್ರೆ ಅಳಿವೆಯಲ್ಲಿ ನೋಡಿದ ಹಕ್ಕಿ ಯಾವುದು ಅಂತ ಕೇಳಿದ್ದೀರಿ. ಮೇಲೆ ಬೂದುಗಂದು, ಕೆಳಗೆ ಬಿಳಿ, ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತಿತ್ತು, ಜೊತೆಗಿದ್ದವರಲ್ಲಿ ಒಬ್ಬರು ಕೆಂಟಿಶ್ ಪ್ಲೋವರ್ ಅಂದರೆ ಇನ್ನೊಬ್ಬರು ಸ್ಯಾಂಡ್ ಪ್ಲೋವರ್ ಅಂದರು. (ಪ್ಲೋವರ್ ಅಂದರೆ ನೀರಿನಂಚಿನ ಮರಳು, ಕೆಸರಲ್ಲಿ ಓಡಾಡುವ ಗಿಡ್ಡ ಕೊಕ್ಕಿನ ಸಣ್ಣ ಹಕ್ಕಿಗಳು.) ನಾವು ಹಾಸನದ ಒಂದಷ್ಟು ಜನ ಚಳಿಗಾಲದಲ್ಲಿ ಶಿರಾಡಿ ಇಳಿದು ಅದೇ ಕಡೆ ಹೋಗುತ್ತೇವೆ. ಈ ಚರ್ಚೆ ನಮ್ಮಲ್ಲೂ ತಪ್ಪಿದ್ದಲ್ಲ.

ಓಡು, ನಿಲ್ಲು, ಕುಕ್ಕು. ಇದು ಪ್ಲೋವರ್ ನಡೆಯೇ. ಅದೇ ಕೆಸರಲ್ಲಿ ಸಿಗುವ ಇನ್ನೊಂದು ಗುಂಪಿನ ಹಕ್ಕಿಗಳಾದ ಸ್ಯಾಂಡ್‌ಪೈಪರ್‌ಗಳು ಹಾಗೆ ನಿಲ್ಲುವುದು ಕಡಿಮೆ, ನಡೀತಾ ನಡೀತಾನೇ ಕೆಸರಿಗೆ ಕೊಕ್ಕು ಹಾಕುತ್ತವೆ.

ಆಮೇಲೆ ಕತ್ತಿನ ಹಿಂಭಾಗ ನೋಡಿ. ಕೆಂಟಿಶ್‌ಗೆ ಅಲ್ಲಿ ಬಿಳಿ ಪಟ್ಟಿ ಇರುತ್ತದೆ, ಸ್ಯಾಂಡ್ ಪ್ಲೋವರ್‌ಗೆ ಇಲ್ಲ. ಆದರೆ ತಲೆ ಕುಗ್ಗಿಸಿ ಕೂತ ಹಕ್ಕಿಯಲ್ಲಿ ಪಟ್ಟಿ ಮುಚ್ಚಿಹೋಗುತ್ತದೆ, ಅದು ಕತ್ತು ಚಾಚುವವರೆಗೆ ಕಾಯಲೇಬೇಕು. ನಿಮ್ಮ ಒಂದು ಫೋಟೋದಲ್ಲಿ ಹಕ್ಕಿ ಬೆನ್ನು ತಿರುಗಿಸಿ ಕತ್ತೆತ್ತಿ ನಿಂತಿದೆ, ಬಿಳಿ ಎಲ್ಲೂ ಇಲ್ಲ. ಹಾಗಾಗಿ ನನ್ನ ಓಟು ಸ್ಯಾಂಡ್ ಪ್ಲೋವರ್‌ಗೆ.

ಕಷ್ಟ ಶುರುವಾಗುವುದು ಇಲ್ಲಿಂದ. ಸ್ಯಾಂಡ್ ಪ್ಲೋವರ್‌ನಲ್ಲೇ ಲೆಸ್ಸರ್ (ಚಿಕ್ಕದು), ಗ್ರೇಟರ್ (ದೊಡ್ಡದು) ಅಂತ ಎರಡಿವೆ, ಇದು ಲೆಸ್ಸರ್ರೋ ಗ್ರೇಟರ್ರೋ? ಪುಸ್ತಕದಲ್ಲಿ ಲೆಸ್ಸರ್ 18ರಿಂದ 21 ಸೆಂ.ಮೀ., ಗ್ರೇಟರ್ 22ರಿಂದ 25 ಅಂತ ಇರುತ್ತದೆ, ಆದರೆ ಬೋಳು ಮರಳಲ್ಲಿ ಒಂದೇ ಹಕ್ಕಿ ನಿಂತಿದ್ದರೆ ಆ ಅಳತೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಎದೆಯ ಇಟ್ಟಿಗೆ ಕೆಂಪು ಬಣ್ಣ ಮಾರ್ಚ್-ಏಪ್ರಿಲ್ ಹೊತ್ತಿಗೆ ಬರುವಂಥದ್ದು, ಜನವರಿಯಲ್ಲಿ ಎರಡೂ ಒಂದೇ ಥರ. ನಾವು ಮಾಡುವುದು ಇಷ್ಟು: ಹಕ್ಕಿ ಸರಿಯಾಗಿ ಪಕ್ಕಕ್ಕೆ ತಿರುಗಿದ ಫೋಟೋ ಆರಿಸಿ, ಮೊಬೈಲಿನಲ್ಲಿ ದೊಡ್ಡದು ಮಾಡಿ, ಕಾಗದದ ಅಂಚಿನಲ್ಲಿ ಕೊಕ್ಕಿನ ಉದ್ದ ಗುರುತು ಹಾಕಿಕೊಳ್ಳುತ್ತೇವೆ. ಅದೇ ಗುರುತನ್ನು ಕೊಕ್ಕಿನ ಬುಡದಿಂದ ಹಿಂದಕ್ಕೆ ಇಟ್ಟು ನೋಡಿ. ಕಣ್ಣಿನ ಹಿಂದಿನ ಅಂಚನ್ನು ದಾಟಿ ಹೋದರೆ ಗ್ರೇಟರ್ ಕಡೆಗೆ ವಾಲುತ್ತದೆ, ಅಲ್ಲಿಗೇ ನಿಂತರೆ ಅಥವಾ ಇನ್ನೂ ಮೊದಲೇ ಮುಗಿದರೆ ಲೆಸ್ಸರ್. ಕಾಲಿನ ಬಣ್ಣವೂ ಸಹಾಯ ಮಾಡುತ್ತದೆ, ಲೆಸ್ಸರ್‌ಗೆ ಕಪ್ಪು ಬೂದು, ಗ್ರೇಟರ್‌ಗೆ ಸ್ವಲ್ಪ ಹಸಿರು-ಹಳದಿ ಛಾಯೆ, ಆದರೆ ಕೆಸರು ಮೆತ್ತಿದ ಕಾಲನ್ನು ನಂಬಬೇಡಿ.

ಹಕ್ಕಿಗಳ ಆ್ಯಪ್‌ನಲ್ಲಿ ಲೆಸ್ಸರ್ ಅನ್ನುವ ಹೆಸರು ಸಿಗದಿದ್ದರೆ ಗಾಬರಿಯಾಗಬೇಡಿ. ಅದನ್ನು ಈಗ ಸೈಬೀರಿಯನ್, ಟಿಬೆಟನ್ ಅಂತ ಎರಡು ಬೇರೆ ಪ್ರಭೇದ ಮಾಡಿದ್ದಾರೆ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಸಿಗುವುದು ಟಿಬೆಟನ್.

ಇನ್ನೊಂದು ಮಾತು. ಘಟ್ಟದ ಮೇಲಿನವರಾದ ನಮಗೆ ಕೆರೆ ಅಂಗಳವೇ ಒಳ್ಳೆ ಪಾಠಶಾಲೆ. ಹೇಮಾವತಿ ಹಿನ್ನೀರು ಇಳಿದ ಮೇಲೆ ಶೆಟ್ಟಿಹಳ್ಳಿ ಕಡೆ ಲಿಟಲ್ ರಿಂಗ್ಡ್ ಪ್ಲೋವರ್ ಸಿಗುತ್ತದೆ, ಕಣ್ಣ ಸುತ್ತ ಹಳದಿ ಉಂಗುರ. ಅದರ ಗಾತ್ರ, ನಡಿಗೆ, ಕೊಕ್ಕು ಕಣ್ಣಿಗೆ ಕೂತುಬಿಟ್ಟರೆ ಸಮುದ್ರದ ಹಕ್ಕಿ ಅದಕ್ಕಿಂತ ಎಷ್ಟು ದಪ್ಪ, ಎಷ್ಟು ಎತ್ತರ ಅಂತ ತಾನಾಗಿ ಹೊಳೆಯುತ್ತದೆ.

ಮುಂದಿನ ಸಲ ಉಬ್ಬರಕ್ಕೆ ಒಂದೆರಡು ಗಂಟೆ ಮೊದಲೇ ಹೋಗಿ ಸುಮ್ನೆ ಕೂತುಬಿಡಿ. ನೀರು ಏರಿದಂತೆ ಹಕ್ಕಿಗಳೇ ಹತ್ತಿರ ಬರುತ್ತವೆ, ಹಿಂಡಿನೊಳಗೆ ನುಗ್ಗಿ ಎಬ್ಬಿಸುವುದು ಬೇಡ. ಅಲ್ಲಿಯವರೆಗೆ ಪಕ್ಕದಿಂದ ತೆಗೆದ ಫೋಟೋ ಇದ್ದರೆ ಕಳಿಸಿ, ಕೊಕ್ಕು ಅಳೆದು ನೋಡೋಣ. ಇಲ್ಲದಿದ್ದರೆ ನೋಡಿದ ಹಕ್ಕಿಗಳ ಪಟ್ಟಿಯಲ್ಲಿ ಬರೀ ಸ್ಯಾಂಡ್ ಪ್ಲೋವರ್ ಅಂತ ಬರೆದರೆ ಸಾಕು.