ಧಾತುಗಳಿಗೆ ‘ಪ್ರವೃತ್ತಿ’ ಇರುತ್ತದಾ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಒಂದು ಪ್ರಶ್ನೆ: ರಸಾಯನಶಾಸ್ತ್ರದ ‘ಟ್ರೆಂಡ್’ಗೆ ಕನ್ನಡದಲ್ಲಿ ಏನು ಹೇಳಬೇಕು?

ನಮ್ಮ ಅಕ್ಕನ ಮಗಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಫಸ್ಟ್ ಪಿಯುಸಿ ಸೈನ್ಸ್. ಇಂಗ್ಲಿಷ್ ಪಾಠ ತಲೆಗೆ ಹೋಗದಿದ್ದರೆ ಹಳೇ ಕನ್ನಡ ಗೈಡ್ ತೆಗೆದು ನೋಡುತ್ತಾಳೆ. ಮೊನ್ನೆ ಜಗಲಿಯಲ್ಲಿ ಚಾಲಿ ಅಡಿಕೆ ಸುಲಿಯುತ್ತಾ ಕೂತಿದ್ದೆ. ಬಂದು ಕೇಳಿದಳು: “ಮಾವ, ಇಲ್ಲಿ ‘ಆವರ್ತ ಕೋಷ್ಟಕದ ಪ್ರವೃತ್ತಿಗಳು’ ಅಂತ ಇದೆ. ಧಾತುಗಳಿಗೂ ಹವ್ಯಾಸ ಇರ್ತದಾ?”

ನಗು ಬಂತು. ಆದರೆ ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ವೃತ್ತಿಯಲ್ಲಿ ಮೇಷ್ಟ್ರು, ಪ್ರವೃತ್ತಿಯಲ್ಲಿ ತಾಳಮದ್ದಳೆ ಅರ್ಥಧಾರಿ ಅಂತ ವೇದಿಕೆ ಮೇಲೆ ಪರಿಚಯ ಮಾಡುವುದನ್ನು ಕೇಳಿಯೇ ಬೆಳೆದವಳು.

ಗೈಡ್‌ನಲ್ಲಿ ಇನ್ನೊಂದು ಎಡವಟ್ಟೂ ಇದೆ. ಕ್ಲೋರಿನ್‌ಗೆ ಎಲೆಕ್ಟ್ರಾನ್ ಎಳೆದುಕೊಳ್ಳುವ ‘ಪ್ರವೃತ್ತಿ’ ಅಂತ ಬರೆದಿದ್ದಾರೆ. ಅದು ಸರಿ, ಅದು ಟೆಂಡೆನ್ಸಿ. ಆದರೆ ಕೋಷ್ಟಕದ ಒಂದೇ ಅಡ್ಡಸಾಲಿನಲ್ಲಿ ಸೋಡಿಯಂನಿಂದ ಕ್ಲೋರಿನ್‌ವರೆಗೆ ಪರಮಾಣುವಿನ ತ್ರಿಜ್ಯ 186 ಪಿಕೋಮೀಟರ್‌ನಿಂದ 99ಕ್ಕೆ ಇಳಿಯುವುದೂ ‘ಪ್ರವೃತ್ತಿ’ಯೇ! ಅಲ್ಲಿ ಯಾರ ಒಲವೂ ಇಲ್ಲ. ಪ್ರೋಟಾನು 11ರಿಂದ 17 ಆಗುತ್ತವೆ, ಹೊಸ ಎಲೆಕ್ಟ್ರಾನುಗಳು ಅದೇ ಮೂರನೇ ಕವಚಕ್ಕೆ ಸೇರುತ್ತವೆ, ನ್ಯೂಕ್ಲಿಯಸ್ ಎಲ್ಲವನ್ನೂ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಅಷ್ಟೇ. ಇದು ಟ್ರೆಂಡ್. ಎರಡಕ್ಕೂ ಒಂದೇ ಪದ ಆದರೆ ಮಕ್ಕಳು ಏನು ಮಾಡಬೇಕು?

ನನಗೆ ಮೊದಲು ಹೊಳೆದದ್ದು ಅಡಿಕೆ ಧಾರಣೆಯ ಮಾತು: ಏರುಮುಖ, ಇಳಿಮುಖ. ಇದರಲ್ಲಿ ಒಂದು ಅನುಕೂಲವೂ ಇದೆ. ಅಯಾನೀಕರಣ ಶಕ್ತಿ, ಅಂದರೆ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ, ಎಡದಿಂದ ಬಲಕ್ಕೆ ಜಾಸ್ತಿ ಆಗುತ್ತಾ ಹೋಗುತ್ತದೆ, ಆದರೆ ಮೆಗ್ನೀಸಿಯಂನ 738 ಕಿಲೋಜೌಲ್ ಅಲ್ಯೂಮಿನಿಯಂಗೆ ಬಂದಾಗ 578ಕ್ಕೆ ಬೀಳುತ್ತದೆ (ಒಂದು ಮೋಲ್‌ಗೆ). ‘ಒಟ್ಟಾರೆ ಏರುಮುಖ, ನಡುವೆ ಒಂದೆರಡು ಕುಸಿತ’ ಅಂದರೆ ನಮ್ಮೂರಲ್ಲಿ ಯಾರಿಗಾದರೂ ಅರ್ಥ ಆಗುತ್ತದೆ. ಆದರೆ ‘ಗುಂಪಿನಲ್ಲಿ (ಕೋಷ್ಟಕದ ಕಂಬಸಾಲಿನಲ್ಲಿ) ಕೆಳಗಿಳಿದಂತೆ ಗಾತ್ರ ಏರುಮುಖ’ ಅಂದಾಗ ಹುಡುಗಿ ನನ್ನ ಮುಖ ನೋಡಿದಳು. “ಇಳಿಯೋದೋ ಏರೋದೋ, ಒಂದು ಹೇಳು ಮಾವ.” ಅಲ್ಲಿಗೆ ಸುಮ್ನಾದೆ.

ಕಾರವಾರದ ಸ್ನೇಹಿತರೊಬ್ಬರು ಫೋನಿನಲ್ಲಿ ‘ಉಬ್ಬರ-ಇಳಿತ’ ಅನ್ನಿ ಎಂದರು. ಸಮುದ್ರ ನೋಡುತ್ತಾ ಬೆಳೆದವರು, ಇನ್ನೇನು ಹೇಳಿಯಾರು! ಆದರೆ ಸಮುದ್ರ ನಿಧಾನ ಏರಿ ನಿಧಾನ ಇಳಿಯುತ್ತದೆ. ಪರಮಾಣು ಗಾತ್ರ ಹಾಗಲ್ಲ. ನಿಧಾನ ಇಳಿದು ಒಮ್ಮೆಲೇ ಹಾರುತ್ತದೆ. ಕ್ಲೋರಿನ್ 99, ಆರ್ಗಾನ್ ದಾಟಿ ಪೊಟ್ಯಾಸಿಯಂಗೆ ಬಂದರೆ 200ರ ಮೇಲೆ.

ಈಗ ನನ್ನ ಮನಸ್ಸು ‘ನಡೆ’ ಕಡೆ ಇದೆ. ‘ಆವರ್ತದಲ್ಲಿ (ಅಂದರೆ ಅಡ್ಡಸಾಲಿನಲ್ಲಿ) ಗಾತ್ರದ ನಡೆ’, ‘ಗುಂಪಿನಲ್ಲಿ ಗಾತ್ರದ ನಡೆ’. ಏರಲಿ ಇಳಿಯಲಿ, ಎರಡಕ್ಕೂ ಆಗುತ್ತದೆ. ನಡೆ-ನುಡಿಯ ನಡೆ ಅಂತ ಯಾರಾದರೂ ತಿಳಿದುಕೊಂಡರೆ ಮತ್ತೆ ಹವ್ಯಾಸದ ಕಥೆಯೇ, ಅದೊಂದು ಅಳುಕು. ಟ್ರೆಂಡ್‌ಗೆ ‘ನಡೆ’ ಬಳಸಿದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ? ಕನ್ನಡದಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವರು ತರಗತಿಯಲ್ಲಿ ಬಾಯಿಮಾತಿಗೆ ಏನು ಹೇಳುತ್ತಿದ್ದಿರಿ?